ಅಪ್‌ಡೇಟ್: ಬ್ಯಾಟರಿ ಹೋಗಿಲ್ಲ, ಬಿಎಂಎಸ್ (ಬ್ಯಾಟರಿ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಲೆಕ್ಕ ತಪ್ಪಿತ್ತು

ನನ್ನ ನಾಲ್ಕು ವರ್ಷದ ಎಲೆಕ್ಟ್ರಿಕ್ ಕಾರು ಫುಲ್ ಚಾರ್ಜ್‌ಗೆ 250 ಕಿ.ಮೀ. ಬದಲು 205 ತೋರಿಸುತ್ತಿದೆ, ಬ್ಯಾಟರಿ ಹೋಯಿತಾ ಎಂದು ಇಲ್ಲಿ ಕೇಳಿದ್ದೆ. ಹೋಗಿಲ್ಲ. ಇದು 30 ಯೂನಿಟ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕ್. ಈ ಸೆಲ್‌ನ ವೋಲ್ಟೇಜ್ ಹೆಚ್ಚುಕಡಿಮೆ ಕೊನೆಯವರೆಗೂ 3.2–3.3 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ಅದನ್ನು ನೋಡಿ ಚಾರ್ಜ್ ಎಷ್ಟಿದೆ ಎಂದು ಹೇಳುವುದು ಕಷ್ಟ. ಯಾವಾಗಲೂ 80%ಗೇ ಚಾರ್ಜ್ ನಿಲ್ಲಿಸಿದರೆ ಎಷ್ಟು ಉಳಿದಿದೆ ಎಂಬ ಅಂದಾಜು ಬಿಎಂಎಸ್‌ಗೆ ತಪ್ಪುತ್ತಾ ಹೋಗುತ್ತದೆ.

ಆ ಪ್ರಶ್ನೆಗೆ ನೀವು ಕೊಟ್ಟ ಸಲಹೆಯಂತೆ ಚಾರ್ಜ್ 10%ಗೆ ಇಳಿಸಿ, ಮನೆಯ ಸ್ಲೋ ಚಾರ್ಜರ್‌ನಲ್ಲಿ 100% ಮಾಡಿ, ಆಮೇಲೂ ಎರಡು ಗಂಟೆ ಪ್ಲಗ್ ಕೀಳಲಿಲ್ಲ. ಸೆಲ್‌ಗಳು ಬ್ಯಾಲೆನ್ಸ್ ಆಗುವುದೇ (ಎಲ್ಲದರ ಚಾರ್ಜ್ ಸಮ ಆಗುವುದೇ) ಆಗ. ಹೀಗೆ ಮೂರು ಸಲ ಮಾಡಿದ ಮೇಲೆ 226 ಕಿ.ಮೀ. ತೋರಿಸಿತು. 100ರಿಂದ 10%ವರೆಗೆ ಖರ್ಚಾಗಿದ್ದು 24.5 ಯೂನಿಟ್, ಅದು 90% ಪಾಲು, ಆದ್ದರಿಂದ 0.9ರಿಂದ ಭಾಗಿಸಿದರೆ ಪೂರ್ತಿ ಪ್ಯಾಕ್‌ಗೆ 27.2. ಅಂದರೆ ನಿಜವಾದ ನಷ್ಟ ಸುಮಾರು 9%.

ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್, ಇನ್ನೊಂದು ಬಗೆಯ ಲಿಥಿಯಂ ಬ್ಯಾಟರಿ) ಪ್ಯಾಕ್ ಇರುವವರು ದಯವಿಟ್ಟು ಇದನ್ನು ವಾರವಾರ ಮಾಡಬೇಡಿ. 100% ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಅದು ಬೇಗ ಸವೆಯುತ್ತದೆ.