ಮುಚ್ಚಳ ತೆರೆದ ಮೇಲೆ ಗ್ರಾಫಿಕ್ಸ್ ಇಂಟರಪ್ಟ್ ಬರುವುದೇ ನಿಂತುಹೋಗುತ್ತದೆ

ನಿದ್ದೆಗೆಟ್ಟವ:
ಹಳೇ ಲ್ಯಾಪ್‌ಟಾಪ್, ಲಿನಕ್ಸ್. ಗ್ರಾಫಿಕ್ಸ್ ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ ಬರುವುದಲ್ಲ, ಹೊರಗಿನಿಂದ ತಂದು ಬಿಲ್ಡ್ ಮಾಡಿಕೊಳ್ಳಬೇಕು. ಈಗ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಸೋರ್ಸ್ ಒಂದು ಕೈಯಲ್ಲಿದೆ, ಅಷ್ಟೇ.

ಮುಚ್ಚಳ ಮುಚ್ಚಿ ತೆರೆದರೆ ಪರದೆ ಚೆನ್ನಾಗಿಯೇ ಬರುತ್ತದೆ. ಆಮೇಲೆ ಶುರು. ಟರ್ಮಿನಲ್‌ನಲ್ಲಿ ಐದು ಅಕ್ಷರ ಒತ್ತಿದರೆ ಏನೂ ಕಾಣುವುದಿಲ್ಲ. ಹತ್ತು ಸೆಕೆಂಡ್ ಬಿಟ್ಟು ಐದೂ ಒಟ್ಟಿಗೆ ಧೊಪ್ ಅಂತ ಬಂದು ಬೀಳುತ್ತವೆ. ತಮಾಷೆ ಅಂದ್ರೆ ಮೌಸ್ ಬಾಣ ಮಾತ್ರ ಸಲೀಸಾಗಿ ಓಡಾಡುತ್ತಿರುತ್ತದೆ. ಇನ್ನೊಂದು ಮೆಷಿನ್‌ನಿಂದ ಎಸ್‌ಎಸ್‌ಎಚ್ ಮಾಡಿ ನೋಡಿದೆ: ಸಿಪಿಯು ಖಾಲಿ ಕೂತಿದೆ, ಡಿಸ್ಕ್ ಆರಾಮಾಗಿದೆ. ಲಾಗ್‌ನಲ್ಲಿ ಹತ್ತು ಸೆಕೆಂಡಿಗೊಮ್ಮೆ ಫೆನ್ಸ್ ಟೈಮ್‌ಔಟ್ (ಗ್ರಾಫಿಕ್ಸ್ ಕಾರ್ಡ್ ಕೆಲಸ ಮುಗಿಸಿದ ಸುದ್ದಿಗೆ ಕಾದು ಸಾಕಾಯಿತು) ಅನ್ನುವ ಒಂದೇ ಸಾಲು.

ಯಾವ ಹಾರ್ಡ್‌ವೇರ್ ಎಷ್ಟು ಸಲ ಸಿಪಿಯುವನ್ನು ಕೂಗಿ ಕರೆದಿದೆ (ಅದೇ ಇಂಟರಪ್ಟ್) ಅನ್ನುವ ಲೆಕ್ಕ ಇರುವ, ಪ್ರೊಕ್ ಕೆಳಗಿನ ಇಂಟರಪ್ಟ್ಸ್ ಫೈಲ್ ನೋಡಿದರೆ ಗ್ರಾಫಿಕ್ಸ್ ಸಾಲಿನ ಎಣಿಕೆ 48,213ಕ್ಕೆ ನಿಂತಿದೆ. ವಿಂಡೋ ಹಿಡಿದು ಎಷ್ಟು ಎಳೆದಾಡಿದರೂ 48,213. ಎಂಎಸ್‌ಐ (ಪಿನ್ ಬದಲು ಸಂದೇಶವಾಗಿ ಬರುವ ಇಂಟರಪ್ಟ್) ಬೇಡ ಅಂತ ಬೂಟ್ ಆಪ್ಷನ್ ಕೊಟ್ಟೆ, ಅದೇ ಕಥೆ. ಡ್ರೈವರ್ ತೆಗೆದು ಮತ್ತೆ ಲೋಡ್ ಮಾಡಿದರೆ ಸರಿಹೋಗುತ್ತದೆ. ಆದರೆ ತೆರೆದಿದ್ದ ಕೆಲಸವೆಲ್ಲ ಹೋಗುತ್ತದೆ. ಮೂರು ರಾತ್ರಿ ಆಯ್ತು. ಎಲ್ಲಿಂದ ಹಿಡಿಯಲಿ?

ಗುಬ್ಬಚ್ಚಿ:
ಒಡೆಯನಿಲ್ಲದ ಇಂಟರಪ್ಟ್ ಯಾರದು ಅಂತ ಎಲ್ಲ ಡ್ರೈವರ್‌ಗಳನ್ನೂ ಕೇಳಿ ನೋಡುವ ಐಆರ್‌ಕ್ಯೂಪೋಲ್ ಅಂತ ಬೂಟ್ ಆಪ್ಷನ್ ಇದೆ, ಹಾಕಿ ನೋಡಿ. ನನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಅದರಿಂದಲೇ ಸರಿಹೋಯಿತು.

ಹಳೇಬೋರ್ಡು:
ಗುಬ್ಬಚ್ಚಿ ಅವರೇ, ನಿಮ್ಮದು ಬೇರೆ ಕಾಯಿಲೆ ಇರಬೇಕು. ಅಲ್ಲಿ ಇಂಟರಪ್ಟ್ ಬರುತ್ತಿತ್ತು, ‘ನಂದು’ ಅಂತ ಒಪ್ಪಿಕೊಳ್ಳುವ ಡ್ರೈವರ್ ಇರಲಿಲ್ಲ. ಒಂದು ಲಕ್ಷದಲ್ಲಿ 99,900ಕ್ಕಿಂತ ಜಾಸ್ತಿ ಹಾಗೆ ಅನಾಥವಾದರೆ ಕರ್ನಲ್ ಬೇಸತ್ತು ಆ ಲೈನನ್ನೇ ಮುಚ್ಚಿಬಿಡುತ್ತದೆ. ಇವರ ಎಣಿಕೆ ಏರುತ್ತಲೇ ಇಲ್ಲ. ಬಾಗಿಲು ತಟ್ಟುವವರೇ ಇಲ್ಲ, ಅಲ್ವಾ?

ನಿದ್ದೆಗೆಟ್ಟವರೇ, ಕಾರ್ಡ್ ಸತ್ತಿಲ್ಲ. ಕೆಲಸ ಮುಗಿಸಿ, ಮುಗೀತು ಅಂತ ಮೆಮೊರಿಯಲ್ಲಿ ಬರೆದೂ ಇಡುತ್ತಿದೆ. ಡ್ರೈವರ್‌ಗೆ ಹೇಳಿಕಳಿಸುವ ಇಂಟರಪ್ಟ್ ಮಾತ್ರ ಬರುತ್ತಿಲ್ಲ. ಹತ್ತು ಸೆಕೆಂಡ್ ಕಾದು, ಟೈಮ್‌ಔಟ್ ಆಗಿ, ಡ್ರೈವರ್ ತಾನೇ ಹೋಗಿ ನೋಡಿದಾಗ ಎಲ್ಲ ಆಗಲೇ ಮುಗಿದಿರುತ್ತದೆ. ನಿಮ್ಮ ಐದು ಅಕ್ಷರ ಒಟ್ಟಿಗೆ ಬೀಳುವುದು ಅದಕ್ಕೇ. ಬಾಣದ ಜಾಗ ಬದಲಿಸಲು ರಿಜಿಸ್ಟರ್‌ಗೆ (ಕಾರ್ಡ್ ಒಳಗಿನ ಪುಟ್ಟ ನೆನಪಿನ ಖಾನೆ) ಬರೆದರೆ ಸಾಕು, ಅದು ಯಾರಿಗೂ ಕಾಯುವುದಿಲ್ಲ.

ಈಗ ಎರಡು ಕೆಲಸ ಮಾಡಿ. ಕಾರ್ಡ್‌ಗಳ ವಿವರ ತೋರಿಸುವ ಎಲ್‌ಎಸ್‌ಪಿಸಿಐನ ಉದ್ದನೆಯ ಔಟ್‌ಪುಟ್ ಮಲಗುವ ಮುಂಚೆ ಒಮ್ಮೆ, ಎದ್ದ ಮೇಲೆ ಒಮ್ಮೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಬಸ್‌ಮಾಸ್ಟರ್ (ಕಾರ್ಡ್ ತಾನೇ ಮೆಮೊರಿಗೆ ಬರೆಯುವ ಹಕ್ಕು) ಮುಂದೆ ಪ್ಲಸ್ ಇದೆಯಾ? ಎಂಎಸ್‌ಐ ಅಂದರೆ ಕಾರ್ಡ್ ಒಂದು ವಿಳಾಸಕ್ಕೆ ಬರೆಯುವುದು, ಅಷ್ಟೇ. ಬಸ್‌ಮಾಸ್ಟರ್ ಹಕ್ಕು ಇಲ್ಲದಿದ್ದರೆ ಅದೂ ಹೊರಡುವುದಿಲ್ಲ. ಆಮೇಲೆ ಸಸ್ಪೆಂಡ್ (ಮಲಗಿಸುವುದು) ಪರೀಕ್ಷಿಸುವ ಪಿಎಂಟೆಸ್ಟ್ ಫೈಲ್‌ಗೆ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಅಂತ ಹಂತಗಳ ಹೆಸರು ಒಂದೊಂದಾಗಿ ಬರೆದು ಸಸ್ಪೆಂಡ್ ಮಾಡಿ. ಅಷ್ಟು ದೂರ ಹೋಗಿ, ಐದು ಸೆಕೆಂಡ್ ನಿಂತು, ವಾಪಸ್ ಬರುತ್ತದೆ. ಎಲ್ಲಿ ಕೆಡುತ್ತದೆ ಹೇಳಿ.

ನಿದ್ದೆಗೆಟ್ಟವ:
ಐದರಲ್ಲೂ ಪಾಸ್! ಕೆಡುವುದು ನಿಜವಾಗಿ ಮಲಗಿದಾಗ ಮಾತ್ರ. ಎಸ್‌ಟುಐಡಲ್‌ಗೆ (ಹಗುರ ನಿದ್ದೆ) ಬದಲಿಸಿದರೆ ತೊಂದರೆ ಇಲ್ಲ, ಡೀಪ್‌ನಲ್ಲೇ (ಗಾಢ ನಿದ್ದೆ) ಕಾಟ. ಎಲ್‌ಎಸ್‌ಪಿಸಿಐ ಎರಡೂ ಒಂದೇ ಥರ ಇದೆ: ಬಸ್‌ಮಾಸ್ಟರ್ ಪ್ಲಸ್, ಎಂಎಸ್‌ಐ ಎನೇಬಲ್ ಪ್ಲಸ್, ವಿಳಾಸ ಕೂಡ ಅದೇ.

ಹಳೇಬೋರ್ಡು:
ಹಾಗಾದರೆ ಕಾರ್ಡ್‌ನ ಕರೆಂಟ್ ಪೂರ್ತಿ ಹೋದಾಗ ಏನೋ ಅಳಿಸಿಹೋಗುತ್ತಿದೆ. ಪಿಸಿಐ ಕಾನ್ಫಿಗ್ ಜಾಗವನ್ನು (ಎಲ್‌ಎಸ್‌ಪಿಸಿಐ ತೋರಿಸುವುದು ಇದನ್ನೇ) ಕರ್ನಲ್ ಉಳಿಸಿಟ್ಟು ವಾಪಸ್ ತುಂಬುತ್ತದೆ, ಅದಕ್ಕೇ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರ್ಡ್‌ನ ಒಳಗಿನ ರಿಜಿಸ್ಟರ್‌ಗಳು ಕರ್ನಲ್‌ಗೆ ಗೊತ್ತಿಲ್ಲ, ಅವು ಡ್ರೈವರ್ ಪಾಡು. ರೆಸ್ಯೂಮ್ (ಕಾರ್ಡನ್ನು ಎಬ್ಬಿಸುವ ಫಂಕ್ಷನ್) ಕೊನೆಯಲ್ಲಿ ಇಂಟರಪ್ಟ್ ಎನೇಬಲ್ ರಿಜಿಸ್ಟರ್ ಓದಿ ಪ್ರಿಂಟ್ ಮಾಡಿ. ಎಂಟೂ ಅಂಕಿ ಎಫ್ ಬಂದರೆ ಕಾರ್ಡ್ ಬಸ್‌ನಲ್ಲಿ ಉತ್ತರವನ್ನೇ ಕೊಡುತ್ತಿಲ್ಲ ಅಂತ. ಸೊನ್ನೆ ಬಂದರೆ ಕಳ್ಳ ಸಿಕ್ಕ.

ನಿದ್ದೆಗೆಟ್ಟವ:
ಸೊನ್ನೆ.

ಆದರೆ ರೆಸ್ಯೂಮ್ ಫಂಕ್ಷನ್‌ನಲ್ಲಿ ಇಂಟರಪ್ಟ್ ಆನ್ ಮಾಡುವ ಕರೆ ಕಣ್ಣೆದುರಿಗೇ ಇದೆ! ಅದನ್ನೇ ನೋಡಿ ನೋಡಿ ಎರಡು ರಾತ್ರಿ ‘ಇಲ್ಲೇನೂ ತಪ್ಪಿಲ್ಲ’ ಅಂದುಕೊಂಡಿದ್ದೆ. ಇವತ್ತು ಆ ಕರೆಯ ಒಳಗೆ ಇಳಿದೆ. ಬರೆದವರು ಜಾಣತನ ಮಾಡಿದ್ದಾರೆ: ಕೊನೆಯ ಸಲ ಬರೆದ ಮಾಸ್ಕನ್ನು (ಯಾವ ಇಂಟರಪ್ಟ್ ಆನ್ ಅನ್ನುವ ಬಿಟ್‌ಗಳು) ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಹೊಸದೂ ಅದೇ ಆಗಿದ್ದರೆ ಸುಮ್ನೆ ಯಾಕೆ ಬರೆಯಬೇಕು ಅಂತ ವಾಪಸ್ ಬಂದುಬಿಡುತ್ತಾರೆ. ಮಲಗಿದಾಗ ಕಾರ್ಡ್ ಮರೆಯಿತು, ವೇರಿಯಬಲ್ ಮರೆಯಲಿಲ್ಲ. ಹೋಲಿಸಿದರೆ ಎರಡೂ ಒಂದೇ, ಹಾಗಾಗಿ ಬರೆಯುವ ಸಾಲಿಗೆ ಹೋಗುವುದೇ ಇಲ್ಲ. ಡ್ರೈವರ್ ಮತ್ತೆ ಲೋಡ್ ಮಾಡಿದರೆ ವೇರಿಯಬಲ್ ಸೊನ್ನೆಯಿಂದ ಶುರುವಾಗುತ್ತದೆ, ಅದಕ್ಕೇ ಆಗ ಸರಿಹೋಗುತ್ತಿತ್ತು.

ರೆಸ್ಯೂಮ್ ಶುರುವಿನಲ್ಲಿ ಅದನ್ನು ಸೊನ್ನೆ ಮಾಡಿದೆ. ಎಣಿಕೆ ಓಡತೊಡಗಿತು, ಸೆಕೆಂಡಿಗೆ 60. ಕುಣಿಯುವುದೊಂದು ಬಾಕಿ. ಆದರೆ ಹತ್ತು ಸಲ ಮಲಗಿಸಿ ಎಬ್ಬಿಸಿದರೆ ಒಂದು ಸಲ ಇನ್ನೂ ಹಾಗೇ ನಿಲ್ಲುತ್ತದೆ. ಆಗ ಎನೇಬಲ್ ರಿಜಿಸ್ಟರ್ ಸರಿಯಾಗಿಯೇ ಇರುತ್ತದೆ. ಎಂಎಸ್‌ಐ ಬೇಡ ಅಂದರೆ ಹತ್ತಕ್ಕೆ ಹತ್ತೂ ಸರಿ.

ಮಧ್ಯರಾತ್ರಿ ಮಾಸ್ಕ್:
ಆ ಕೊನೇ ಸಾಲಿನಲ್ಲೇ ಉತ್ತರ ಇದೆ. ಹಳೇ ಪಿನ್ ಇಂಟರಪ್ಟ್ ಅಳುವ ಮಗುವಿನ ಹಾಗೆ, ಎತ್ತಿಕೊಳ್ಳುವ ತನಕ ಕೂಗುತ್ತದೆ. ಎಂಎಸ್‌ಐ ಒಂದೇ ಸಲ ಕೂಗಿ ಸುಮ್ಮನಾಗುತ್ತದೆ. ಕೆಲವು ಕಾರ್ಡ್‌ಗಳಲ್ಲಂತೂ ಸ್ಟೇಟಸ್ ಬಿಟ್ (ಇಂಟರಪ್ಟ್ ಬಾಕಿ ಇದೆ ಅನ್ನುವ ಗುರುತು) 0ಯಿಂದ 1ಕ್ಕೆ ಏರುವ ಕ್ಷಣದಲ್ಲಿ ಮಾತ್ರ ಅದು ಹೊರಡುತ್ತದೆ. ನಿಮ್ಮ ಡ್ರೈವರ್ ಡಿಸ್‌ಪ್ಲೇ ಮೊದಲು ಆನ್ ಮಾಡಿ ಆಮೇಲೆ ಮಾಸ್ಕ್ ಬರೆಯುತ್ತಿದೆಯಾ? ಆ ಸಂದಿಯಲ್ಲಿ ಒಂದು ವಿಬ್ಲಾಂಕ್ (ಪರದೆಯ ಒಂದು ಚಿತ್ರ ಮುಗಿದ ಸೂಚನೆ) ಬಂದರೆ ಬಿಟ್ 1 ಆಗಿ ಕೂತುಬಿಡುತ್ತದೆ. ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಓಡದೆ ಬಿಟ್ ಅಳಿಯಲ್ಲ, ಬಿಟ್ ಅಳಿಯದೆ ಹ್ಯಾಂಡ್ಲರ್ ಓಡಲ್ಲ. ಎನೇಬಲ್ ಮಾಡುವ ಮೊದಲು ಸ್ಟೇಟಸ್ ರಿಜಿಸ್ಟರ್ ಅಳಿಸಿ. ಅಳಿಸಿ ಒಮ್ಮೆ ಓದಿ, ಬರೆದಿದ್ದು ಕಾರ್ಡ್ ತಲುಪಿದ್ದು ಖಾತ್ರಿಯಾಗುತ್ತದೆ. ಸಾಧ್ಯವಾದರೆ ಇದನ್ನು ಡಿಸ್‌ಪ್ಲೇ ಆನ್ ಮಾಡುವುದಕ್ಕೂ ಮುಂಚೆಯೇ ಮಾಡಿ.

ನಿದ್ದೆಗೆಟ್ಟವ:
ಹೌದು, ಡಿಸ್‌ಪ್ಲೇನೇ ಮೊದಲಿತ್ತು. ಹಿಂದೆ ಮುಂದೆ ಮಾಡಿ, ಸ್ಟೇಟಸ್ ಅಳಿಸುವ ಸಾಲು ಸೇರಿಸಿದೆ. ಹೇಳಿದ ಹೊತ್ತಿಗೆ ಮೆಷಿನ್ ಎಬ್ಬಿಸುವ ಆರ್‌ಟಿಸಿವೇಕ್ ಇಟ್ಟು 20 ಸೆಕೆಂಡ್ ಮಲಗು, ಏಳು, ಎಣಿಕೆ ಬರೆದಿಡು ಅಂತ ಒಂದು ಸ್ಕ್ರಿಪ್ಟ್ ಓಡಿಸಿ ಊಟಕ್ಕೆ ಹೋದೆ. 50 ಸಲದಲ್ಲಿ 50 ಸಲವೂ ಎಣಿಕೆ ಏರಿದೆ. ಪ್ಯಾಚ್ ಚೊಕ್ಕ ಮಾಡಿ ನಾಳೆ ಇಲ್ಲೇ ಹಾಕುತ್ತೇನೆ. ಎದ್ದ ಮೇಲೆ ಬ್ರೈಟ್‌ನೆಸ್ ಪೂರ್ತಿಗೆ ಹಾರುವುದೂ ಇಂಥದ್ದೇ ವೇರಿಯಬಲ್ ಕಾಟ ಅನಿಸುತ್ತಿದೆ. ಅದನ್ನು ಬೇರೆಯಾಗಿ ಕೇಳುತ್ತೇನೆ, ಇವತ್ತು ಮಲಗಬೇಕು.