ಶಾಲೆ ಫಾರ್ಮ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಡಬೇಕಾ?

ಅಮೆರಿಕಕ್ಕೆ ಹೊಸದಾಗಿ ಬಂದವರು ಪ್ರತಿ ಆಗಸ್ಟ್‌ನಲ್ಲೂ ಇದನ್ನೇ ಕೇಳ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಡ್ತಿದೀನಿ.

ಬೇಕಿಲ್ಲ, ತೆರಿಗೆ, ಸಾಲಕ್ಕೆಲ್ಲ ಬಳಸೋ ಈ ಸರ್ಕಾರಿ ಗುರುತಿನ ನಂಬರಿನ ಕಾಲಂ ಖಾಲಿ ಬಿಡಿ. ಎಚ್-4 ವೀಸಾದಲ್ಲಿ (ಎಚ್-1ಬಿ ಥರದ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋದು) ಬಂದ ಮಕ್ಕಳಿಗೆ ಸಾಮಾನ್ಯವಾಗಿ ಆ ನಂಬರೇ ಇರಲ್ಲ, ಇಲ್ಲ ಅಂತ ಸರ್ಕಾರಿ ಶಾಲೆ ಸೀಟು ನಿರಾಕರಿಸೋ ಹಾಗಿಲ್ಲ. ಇದ್ದವರೂ ಕೊಡಲೇಬೇಕಂತಿಲ್ಲ. ಕೇಳಿದರೆ, ಇದು ಕಡ್ಡಾಯವಾ, ಯಾವ ಕಾನೂನಿನ ಪ್ರಕಾರ, ಯಾತಕ್ಕೆ ಬಳಸ್ತೀರಿ ಅಂತ ತಿರುಗಿ ಕೇಳಿ. ಅದನ್ನು ಹೇಳಬೇಕು ಅಂತ 1974ರ ಪ್ರೈವೆಸಿ ಆಕ್ಟ್‌ನಲ್ಲೇ ಇದೆ. ವಯಸ್ಸಿಗೆ ಬರ್ತ್ ಸರ್ಟಿಫಿಕೇಟ್ ಸಾಕಾದರೆ, ವೀಸಾ ಪುಟದ ಸಮೇತ ಇಡೀ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಕಳಿಸೋ ಉತ್ಸಾಹ ಬೇಡ.

ನಿಜವಾಗಿ ಗಮನ ಕೊಡಬೇಕಾದ್ದು ಇನ್ನೊಂದು ಹಾಳೆಗೆ, ಮಗುವಿನ ಮಾಹಿತಿ ಹಂಚೋದು ಬೇಡ ಅಂತ ಹೇಳೋ ಹಾಳೆಗೆ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯೋ ಫರ್ಪಾ (FERPA) ಕಾನೂನಿನ ಪ್ರಕಾರ ಮಗುವಿನ ದಾಖಲೆಯನ್ನು ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಕೊಡೋ ಹಾಗಿಲ್ಲ. ಅದಕ್ಕಿರೋ ದೊಡ್ಡ ಕಿಂಡಿ ‘ಡೈರೆಕ್ಟರಿ ಇನ್ಫರ್ಮೇಶನ್’, ಅಂದರೆ ಒಪ್ಪಿಗೆ ಕೇಳದೆ ಶಾಲೆ ಹೊರಗೆ ಕೊಡಬಹುದಾದ ಮಾಹಿತಿ. ಹೆಸರು, ವಿಳಾಸ, ಫೋನ್, ಹುಟ್ಟಿದ ದಿನ, ಹುಟ್ಟಿದ ಊರು, ಫೋಟೋ ಎಲ್ಲ ಇದರಲ್ಲಿ ಬರಬಹುದು. ಗಡುವಿನೊಳಗೆ ಬೇಡ ಅಂತ ಬರೆದುಕೊಡದೆ ಸುಮ್ಮನಿದ್ದರೆ ಒಪ್ಪಿದ ಹಾಗೇ ಲೆಕ್ಕ. ಬೇಡ ಅಂತ ಟಿಕ್ ಹಾಕೋ ಮೊದಲು ಆಫೀಸಿನಲ್ಲಿ ಒಂದು ಮಾತು ಕೇಳಿ: ಕೆಲವು ಕಡೆ ಪೂರ್ತಿ ಬೇಡ ಅಂದರೆ ಇಯರ್‌ಬುಕ್‌ನಲ್ಲೂ ಮಗುವಿನ ಫೋಟೋ ಇರಲ್ಲ, ಆಮೇಲೆ ಮನೆಯಲ್ಲಿ ರಂಪ. ಹೈಸ್ಕೂಲಾದರೆ, ಸೇನಾ ನೇಮಕಾತಿಯವರಿಗೆ ಹೆಸರು, ಫೋನ್ ಹೋಗೋದನ್ನು ತಡೆಯೋಕೂ ಬರೆದುಕೊಡಬೇಕು.

ಇಷ್ಟೆಲ್ಲ ಯಾಕಪ್ಪಾ ಅನ್ನೋರು ಶಾಲೆಗಳು ಮಕ್ಕಳ ದಾಖಲೆ ಇಡೋ ಪವರ್‌ಸ್ಕೂಲ್ ಸಾಫ್ಟ್‌ವೇರ್‌ನಲ್ಲಿ 2024ರ ಡಿಸೆಂಬರ್‌ನಲ್ಲಾದ ಕಳ್ಳತನ ನೆನಪಿಸಿಕೊಳ್ಳಿ. ಕದ್ದ ಲಾಗಿನ್ ಹಿಡಿದು ಒಳಹೊಕ್ಕವರು ಎಷ್ಟೋ ಶಾಲಾ ಜಿಲ್ಲೆಗಳ ಮಕ್ಕಳ ಮಾಹಿತಿ ಒಯ್ದರು, ಕೆಲವರದ್ದರಲ್ಲಿ ಸೋಶಿಯಲ್ ನಂಬರೂ ಇತ್ತು. ಕಂಪನಿ ಕಳ್ಳರಿಗೆ ಹಣ ತೆತ್ತ ಮೇಲೂ 2025ರಲ್ಲಿ ಶಾಲೆಗಳಿಗೆ ಮತ್ತೆ ಬೆದರಿಕೆ ಬಂತು. ಮಕ್ಕಳ ಹೆಸರಲ್ಲಿ ಯಾರಾದರೂ ಸಾಲ ಎತ್ತಿದರೆ ನಮಗೆ ವರ್ಷಗಟ್ಟಲೆ ಗೊತ್ತೇ ಆಗಲ್ಲ. 16 ತುಂಬದ ಮಕ್ಕಳ ಕ್ರೆಡಿಟ್ ಫ್ರೀಜ್ ಮಾಡಿಸೋದು (ಅವರ ಹೆಸರಲ್ಲಿ ಹೊಸ ಸಾಲ ಸಿಗದ ಹಾಗೆ ತಡೆ ಹಾಕಿಸೋದು) 2018ರಿಂದ ಉಚಿತ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಸಾಲದ ದಾಖಲೆ ಇಡೋ ಈ ಮೂರೂ ಕಂಪನಿಗಳಿಗೆ ಬೇರೆ ಬೇರೆ ಅರ್ಜಿ ಹಾಕಬೇಕು. ಬೇಜಾರಿನ ಕೆಲಸ, ಆದರೆ ಮಾಡಿ.

ಕೊನೆಗೆ ನಮ್ಮದೇ ಮನೆ ವಿಷಯ. ಫರ್ಪಾ ಅನ್ವಯಿಸೋದು ಕೇಂದ್ರ ಶಿಕ್ಷಣ ಇಲಾಖೆಯ ಹಣ ಪಡೆಯೋ ಸಂಸ್ಥೆಗಳಿಗೆ. ನಾವೇ ನಡೆಸೋ ವಾರಾಂತ್ಯದ ಕನ್ನಡ ತರಗತಿಗಳಿಗೆ ಅದರ ಹಂಗಿಲ್ಲ. ಶಾಲೆಗೆ ಅಷ್ಟು ಪ್ರಶ್ನೆ ಹಾಕೋ ನಾವು ಇಲ್ಲಿ ಮಕ್ಕಳ ಹೆಸರು, ಜನ್ಮದಿನ, ಮನೆ ವಿಳಾಸ, ಅಲರ್ಜಿ ಎಲ್ಲ ಒಂದೇ ಗೂಗಲ್ ಶೀಟ್‌ಗೆ ತುಂಬಿ, ಲಿಂಕ್ ಇದ್ದವರೆಲ್ಲ ನೋಡೋ ಹಾಗೆ ವಾಟ್ಸಾಪ್‌ಗೆ ಹಾಕ್ತೀವಿ. ಸಮಿತಿಯಲ್ಲಿ ಇರೋರು ಈ ಸಲದ ನೋಂದಣಿಗೆ ಮುಂಚೆ ಹಳೇ ಶೀಟ್‌ಗಳನ್ನು ಅಳಿಸಿ, ಜನ್ಮದಿನದ ಬದಲು ವಯಸ್ಸು ಮಾತ್ರ ಕೇಳ್ತೀರಾ?