ಅಪ್‌ಡೇಟ್: ಮೊಟ್ಟೆ ಚಿಪ್ಪಿನ ಟೈಲ್ ಈಗ ಬಾಗುತ್ತಿಲ್ಲ

ರೆಸ್ಟೋರೆಂಟ್ ಅಡುಗೆಮನೆಯ ಮೊಟ್ಟೆ ಚಿಪ್ಪಿನಿಂದ ಗೋಡೆ ಟೈಲ್ ಮಾಡುವ ನಮ್ಮ ಡಿಸೈನ್ ಪ್ರಾಜೆಕ್ಟ್‌ನಲ್ಲಿ, ಒಣಗುವಾಗ ಅಂಚು ಮೇಲೇಳುತ್ತೆ, ವಾಸನೆಯೂ ಬರುತ್ತೆ, ಏನು ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಎರಡೂ ಸರಿಹೋಯ್ತು.

ಕೆಲಸ ಮಾಡಿದ್ದು, ಟೈಲನ್ನು ಜಾಲರಿಗಳ ನಡುವೆ ಒಣಗಿಸಿ ಅಂತ ಬಂದ ಸಲಹೆ. ಅಚ್ಚಿನಲ್ಲೇ ಬಿಟ್ಟರೆ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತೆ, ತಳ ಇನ್ನೂ ಹಸಿ. ಅಂಚು ಏಳೋದು ಅದಕ್ಕೇ. ಮಿಶ್ರಣದಲ್ಲಿರುವ ಆಲ್ಜಿನೇಟ್ (ಕಡಲಕಳೆಯಿಂದ ಬರುವ ಅಂಟು) ಗಟ್ಟಿಯಾಗೋಕೆ 5% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸಿ, ಗಟ್ಟಿಯಾದ ಕೂಡಲೇ ಅಚ್ಚಿನಿಂದ ತೆಗೆದು, ಎರಡು ಜಾಲರಿ ನಡುವೆ ಇಟ್ಟು ಭಾರ ಹೇರಿ. ಫ್ಯಾನ್ ಗಾಳಿ ಸಾಕು. ಓವನ್‌ನಲ್ಲಿ ಬೇಗ ಒಣಗಿಸಿದ್ದಕ್ಕೆ ಬಿರುಕು ಬಿತ್ತು. ಗ್ಲಿಸರಿನ್ ಹೆಚ್ಚಿಸಿದ್ದೂ ಪ್ರಯೋಜನವಾಗಲಿಲ್ಲ: ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ಟೈಲ್ ಅಂಟಂಟಾಗುತ್ತೆ.

ಕೊನೆಗೆ ನಿಂತ ಅಳತೆ: ಚಿಪ್ಪಿನ ಪುಡಿ 100 ಗ್ರಾಂ, ಸೋಡಿಯಂ ಆಲ್ಜಿನೇಟ್ 4 ಗ್ರಾಂ, ನೀರು 80 ಮಿ.ಲೀ., ಗ್ಲಿಸರಿನ್ 5 ಮಿ.ಲೀ. ಆಲ್ಜಿನೇಟನ್ನು ನೇರ ನೀರಿಗೆ ಸುರಿದರೆ ಗಂಟುಗಂಟಾಗುತ್ತೆ. ಮೊದಲು ಗ್ಲಿಸರಿನ್‌ನಲ್ಲಿ ಕಲಸಿ ಆಮೇಲೆ ನೀರು ಬೆರೆಸಿ, ಗುಳ್ಳೆ ಹೋಗೋಕೆ ರಾತ್ರಿಯಿಡೀ ಬಿಡಿ.

ವಾಸನೆಯ ಮೂಲ ಚಿಪ್ಪಿನ ಒಳಪೊರೆ. ಚಿಪ್ಪು ಕುದಿಸಿ, ಪೊರೆ ಸುಲಿದು, ಪೂರ್ತಿ ಒಣಗಿಸಿಯೇ ಪುಡಿ ಮಾಡಿ.

ಅಚ್ಚರಿಯಾಗಿದ್ದು ಒಂದಿದೆ. ಇದೇ ಮಿಶ್ರಣದಲ್ಲಿ ಕೋಸ್ಟರ್ (ಲೋಟದಡಿ ಇಡುವ ಬಿಲ್ಲೆ) ಮಾಡುವ ಯೋಚನೆ ಕೈಬಿಡಬೇಕಾಯ್ತು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ ಬಿದ್ದಲ್ಲಿ ನೊರೆ ಬಂದು ಗುಳಿ ಬೀಳುತ್ತೆ. ಜೇನುಮೇಣ ಬಳಿದರೂ ಅದು ಸುಮಾರು 62 ಡಿಗ್ರಿಗೇ ಕರಗುತ್ತೆ, ಬಿಸಿ ಲೋಟ ತಡೆಯಲ್ಲ. ಗೋಡೆಯ ಟೈಲನ್ನೂ ಸಿಟ್ರೇಟ್ ಅಥವಾ ಫಾಸ್ಫೇಟ್ ಇರುವ ಡಿಟರ್ಜೆಂಟ್‌ನಿಂದ ತೊಳೆಯಬೇಡಿ. ಅದು ಅಂಟಿನೊಳಗಿನ ಕ್ಯಾಲ್ಸಿಯಂ ಎಳೆದುಕೊಂಡು ಟೈಲನ್ನು ಮೆತ್ತಗೆ ಮಾಡುತ್ತೆ. ಒಣ ಬಟ್ಟೆಯಲ್ಲಿ ಒರೆಸಿ ಅಂತ ರೆಸ್ಟೋರೆಂಟ್‌ನವರಿಗೆ ಬರೆದುಕೊಟ್ಟಿದ್ದೇವೆ.